ಬಿಲ್ ಮುಚ್ಚುವ ಮುನ್ನ ಒಂದು ನಿಮಿಷ

ಬೇಲೂರು, ಆಲೂರು, ಅರಕಲಗೂಡು ಕಡೆಯಿಂದ ತಿಂಗಳ ಸಾಮಾನಿಗೆಂದು ಹಾಸನದ ದೊಡ್ಡ ಸೂಪರ್ ಮಾರ್ಕೆಟ್ಟುಗಳಿಗೆ ಬರುವವರಲ್ಲಿ ಹೆಚ್ಚಿನವರು ಬಿಲ್ ನೋಡುವುದು ಮನೆಗೆ ಹೋಗಿ ಚೀಲ ಬಿಚ್ಚಿದ ಮೇಲೆ. ಬೇಳೆಗೆ 13 ರೂಪಾಯಿ ಜಾಸ್ತಿ ಬಿದ್ದಿದೆ ಎಂದು ಆಗ ಗೊತ್ತಾದರೆ ಏನು ಮಾಡುವುದು? ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಚಾರ್ಜು ಉಳಿದರೂ ಅರ್ಧ ದಿನ ಹೋಗುತ್ತದೆ. ಸುಮ್ಮನಾಗುವವರೇ ಹೆಚ್ಚು.

ಇಂಥ ತಪ್ಪುಗಳಲ್ಲಿ ಬಹುಪಾಲನ್ನು ಅಂಗಡಿಯೊಳಗೇ ಸರಿಪಡಿಸಿಕೊಳ್ಳಬಹುದು. ಅದಕ್ಕೆ ಬಿಲ್ಲಿಂಗ್ ಯಂತ್ರದ ಒಂದು ಗುಣ ತಿಳಿದಿರಬೇಕು. ಹಣ ಕಟ್ಟುವವರೆಗೆ ಬಿಲ್ ತೆರೆದಿರುತ್ತದೆ. ಆಗ ಒಂದು ಸಾಲು ತೆಗೆಯಲು ಸೂಪರ್‌ವೈಸರ್ ಬಂದು ಪಾಸ್‌ವರ್ಡ್ ಒತ್ತಿದರೆ ಸಾಕು, ಅರ್ಧ ನಿಮಿಷದ ಕೆಲಸ. ಹಣ ಕಟ್ಟಿದೊಡನೆ ಬಿಲ್ ಮುಚ್ಚುತ್ತದೆ. ಆಮೇಲೆ ಅದೇ 13 ರೂಪಾಯಿಗೆ ರಿಟರ್ನ್ ಎಂಟ್ರಿ, ಕ್ರೆಡಿಟ್ ನೋಟ್ (ಹಣದ ಬದಲು ಮುಂದಿನ ಖರೀದಿಗೆ ಕೊಡುವ ಚೀಟಿ), ಮ್ಯಾನೇಜರ್ ಸಹಿ ಎಂದು ಸರದಿ ಶುರುವಾಗುತ್ತದೆ. ಕೌಂಟರಿನಲ್ಲಿ ಕೂತ ಹುಡುಗಿಗೆ ಇದ್ಯಾವುದರ ಅಧಿಕಾರವೂ ಇರುವುದಿಲ್ಲ. ಅವಳ ಮೇಲೆ ರೇಗಿದರೆ ಹಿಂದಿನ ಕ್ಯೂ ಉದ್ದವಾಗುತ್ತದೆ, ಅಷ್ಟೇ. ‘ಸೂಪರ್‌ವೈಸರ್‌ನ ಸ್ವಲ್ಪ ಕರೀರಮ್ಮ’ ಎನ್ನುವುದು ಹತ್ತಿರದ ದಾರಿ.

ಶೆಲ್ಫಿನ ಚೀಟಿ, ಬಿಲ್ಲಿನ ದರ

ಶೆಲ್ಫಿನ ಚೀಟಿಯಲ್ಲಿ 149, ಬಿಲ್ಲಿನಲ್ಲಿ 162. ಇದರ ಹಿಂದೆ ಮೋಸವೇ ಇರಬೇಕೆಂದಿಲ್ಲ. ಕಂಪ್ಯೂಟರಿನಲ್ಲಿ ದರ ಒಂದೇ ಸಲಕ್ಕೆ ಬದಲಾಗುತ್ತದೆ, ಚೀಟಿಗಳನ್ನು ಮಾತ್ರ ಹುಡುಗರು ಕೈಯಲ್ಲಿ ಒಂದೊಂದಾಗಿ ಬದಲಾಯಿಸಬೇಕು. ಆಫರ್ ಮುಗಿದ ಮಾರನೆಯ ಬೆಳಿಗ್ಗೆ, ತಿಂಗಳ ಮೊದಲ ದಿನಗಳಲ್ಲಿ, ಹಾಸನಾಂಬೆ ದರ್ಶನದ ಜನಜಂಗುಳಿಯಲ್ಲಿ ಹಳೆ ಚೀಟಿ ಹಾಗೇ ಉಳಿದುಬಿಡುತ್ತದೆ. ನೂರು ರೂಪಾಯಿ ದಾಟಿದ ಸಾಮಾನಿನ ಚೀಟಿಯನ್ನೂ, ಆಫರ್ ಇರುವ ಪ್ರತಿಯೊಂದರ ಚೀಟಿಯನ್ನೂ ಮೊಬೈಲಿನಲ್ಲಿ ಫೋಟೊ ಹಿಡಿದುಕೊಳ್ಳಿ. ಫೋಟೊ ತೋರಿಸಿದರೆ ಹೆಚ್ಚಿನ ಅಂಗಡಿಯವರು ಚೀಟಿಯ ದರಕ್ಕೇ ಕೊಡುತ್ತಾರೆ. ಕೊಡದಿದ್ದರೆ ಬೇಡವೆಂದು ಸಾಮಾನು ಅಲ್ಲೇ ಬಿಡಿ.

‘ಒಂದಕ್ಕೊಂದು ಉಚಿತ’ ಎಂಬ ಆಫರ್ ಬಿಲ್ಲಿಗೆ ಬರದಿರಲು ಸಾಮಾನ್ಯ ಕಾರಣ ಎರಡು. ಒಂದು, ಉಚಿತ ಪೊಟ್ಟಣವನ್ನು ಸ್ಕ್ಯಾನ್ ಮಾಡದೇ ಬಿಟ್ಟಿರುವುದು. ಎರಡನ್ನೂ ಸ್ಕ್ಯಾನ್ ಮಾಡಿದರೇ ಯಂತ್ರ ಒಂದರ ಬೆಲೆ ಕಳೆಯುವುದು. ಇನ್ನೊಂದು, ಆಫರ್ ಇರುವುದು 500 ಗ್ರಾಂ ಪೊಟ್ಟಣಕ್ಕೆ, ನೀವು ತಂದಿರುವುದು ಒಂದು ಕೆ.ಜಿ.ಯದು. ಆಫರ್ ಕಟ್ಟಿರುವುದು ಬಾರ್‌ಕೋಡಿಗೆ, ಬ್ರ್ಯಾಂಡಿನ ಹೆಸರಿಗಲ್ಲ.

ಎಂ.ಆರ್.ಪಿ. ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಜಿ.ಎಸ್‌.ಟಿ. ಎಂದು ಮತ್ತೊಂದು ರೂಪಾಯಿಯನ್ನೂ ಸೇರಿಸುವಂತಿಲ್ಲ. ಬಿಲ್ಲಿನ ಕೆಳಗೆ ಕಾಣುವ ತೆರಿಗೆ ಪಟ್ಟಿ ಒಳಗೇ ಸೇರಿರುವ ತೆರಿಗೆಯನ್ನು ಬಿಡಿಸಿ ತೋರಿಸುವುದಷ್ಟೇ.

ಪೊಟ್ಟಣದ ಮೇಲೆ ‘ಪ್ರತಿ ಗ್ರಾಂಗೆ’, ‘ಪ್ರತಿ ಕೆ.ಜಿ.ಗೆ’ ಎಂದು ಸಣ್ಣಕ್ಷರದಲ್ಲಿ ಇರುವ ಬೆಲೆಯನ್ನೂ ನೋಡಿ. ದೊಡ್ಡ ಪೊಟ್ಟಣವೇ ಅಗ್ಗ ಎಂಬ ನಂಬಿಕೆ ಎಷ್ಟೋ ಸಲ ಸುಳ್ಳಾಗುವುದು ಅಲ್ಲೇ. ಆ ಲೆಕ್ಕ ಎಂ.ಆರ್.ಪಿ. ಮೇಲಿನದು, ಅಂಗಡಿ ರಿಯಾಯಿತಿ ಕೊಟ್ಟಿದ್ದರೆ ನೀವೇ ಭಾಗಿಸಬೇಕು. ಸೂರ್ಯಕಾಂತಿ ಎಣ್ಣೆಯಲ್ಲಂತೂ ಗ್ರಾಂ ಓದದೆ ಬುಟ್ಟಿಗೆ ಹಾಕಬೇಡಿ. ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ನೋಡಲು ಅಷ್ಟೇ ದಪ್ಪ ಇರುವ ಪೊಟ್ಟಣದಲ್ಲಿ ಅದಕ್ಕಿಂತ ಕಡಿಮೆ ಇರಬಹುದು.

ತರಕಾರಿ ತೂಕದ ಸ್ಟಿಕ್ಕರ್

ಅತಿ ಹೆಚ್ಚು ಎಡವಟ್ಟು ನಡೆಯುವ ಜಾಗ ಇದು. ಕಂಪನಿಯಿಂದ ಪ್ಯಾಕ್ ಆಗಿ ಬರುವ ನಮ್ಮ ದೇಶದ ಸಾಮಾನಿನ ಬಾರ್‌ಕೋಡ್ ಸಾಮಾನ್ಯವಾಗಿ 890ರಿಂದ ಶುರುವಾಗುತ್ತದೆ. ಅಂಗಡಿಯಲ್ಲೇ ತೂಗಿ ಅಂಟಿಸುವ ಸ್ಟಿಕ್ಕರಿನದು 2ರಿಂದ. ಈ ಎರಡನೆಯ ಬಗೆಯ ಬಾರ್‌ಕೋಡಿನೊಳಗೇ ಐಟಂ ನಂಬರ್ ಹಾಗೂ ತೂಕ ಅಥವಾ ಬೆಲೆ ಕೂತಿರುತ್ತದೆ. ಬಿಲ್ ಕೌಂಟರಿನಲ್ಲಿ ಮತ್ತೆ ತೂಗುವುದಿಲ್ಲ, ಸ್ಟಿಕ್ಕರ್ ಹೇಳಿದ್ದೇ ವೇದವಾಕ್ಯ. ತೂಗುವ ಹುಡುಗ ಪಚ್ಚಬಾಳೆ ಇಟ್ಟು ಏಲಕ್ಕಿ ಬಾಳೆಯ ಗುಂಡಿ ಒತ್ತಿದರೆ ನೀವು ಏಲಕ್ಕಿ ಬಾಳೆಯ ದುಡ್ಡು ಕಟ್ಟುತ್ತೀರಿ. ನಾಟಿ ಟೊಮೆಟೊ, ಹೈಬ್ರಿಡ್ ಟೊಮೆಟೊ ನಡುವೆಯೂ ಇದೇ ಕಥೆ. ಆದ್ದರಿಂದ ಸ್ಟಿಕ್ಕರ್ ಅಂಟಿದ ತಕ್ಷಣ ಮೂರನ್ನು ಓದಿ: ಹೆಸರು, ತೂಕ, ಕೆ.ಜಿ. ದರ. ಕವರ್ ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿರಬೇಕು. ಹಿಂದಿನವರ ಎರಡು ಆಲೂಗಡ್ಡೆ ತಟ್ಟೆಯ ಮೂಲೆಯಲ್ಲಿ ಉಳಿದಿರುವುದೂ ಉಂಟು.

ತಕ್ಕಡಿಯ ಮೇಲೆಯೇ ಅನುಮಾನ ಬಂದರೆ ಒಂದು ಕೆ.ಜಿ. ಉಪ್ಪಿನ ಪೊಟ್ಟಣ ತಂದು ಇಟ್ಟು ನೋಡಿ. ಕವರಿನ ತೂಕವೂ ಸೇರಿ ಒಂದು ಕೆ.ಜಿ.ಗಿಂತ ತುಸು ಹೆಚ್ಚು ತೋರಿಸಬೇಕು. ಪ್ಯಾಕ್ ಮಾಡಿದ ಒಂದು ಕೆ.ಜಿ.ಯಲ್ಲಿ 15 ಗ್ರಾಂವರೆಗಿನ ಏರುಪೇರನ್ನು ನಿಯಮವೇ ಒಪ್ಪುತ್ತದೆ, ಅದಕ್ಕೆ ಜಗಳ ತೆಗೆಯಬೇಡಿ. ಎರಡು ಮೂರು ಪೊಟ್ಟಣ ಒಂದೊಂದಾಗಿ ಇಟ್ಟರೂ ಐವತ್ತು ಗ್ರಾಂ ಆಚೀಚೆ ತೋರಿಸಿದರೆ ತಕ್ಕಡಿಯ ಮುದ್ರೆ ಮತ್ತು ಪ್ರಮಾಣಪತ್ರ ಕೇಳಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಈ ದೂರು ಹೋಗಬೇಕಾದ್ದು ತೂಕ, ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ.

ಕೌಂಟರಿನಲ್ಲಿ

ಸ್ಕ್ಯಾನ್ ಆಗುವಾಗ ಕಣ್ಣು ಚೀಲದ ಮೇಲೆ ಇರುವುದು ಬೇಡ, ಗಿರಾಕಿ ಕಡೆಗೆ ತಿರುಗಿಸಿಟ್ಟ ಪರದೆಯ ಮೇಲೆ ಇರಲಿ. ಇಬ್ಬರು ಬಂದಿದ್ದರೆ ಒಬ್ಬರು ತುಂಬಿ, ಒಬ್ಬರು ನೋಡಿ. ‘ಬೀಪ್’ ಒಂದೇ ಸಾಮಾನಿಗೆ ಎರಡು ಸಲ ಬಂದರೆ ಆಗಲೇ ಹೇಳಿ. ಆಫರ್ ಸಾಮಾನನ್ನು ಕೊನೆಗೆ ಒಟ್ಟಿಗೆ ಇಟ್ಟರೆ ಪರದೆಯಲ್ಲೂ ಒಟ್ಟಿಗೆ ಕಾಣುತ್ತದೆ, ಲೆಕ್ಕ ಸುಲಭ. ಹಣ ಕಟ್ಟುವ ಮುನ್ನ ಒಟ್ಟು ಐಟಂ ಎಷ್ಟು ಎಂದು ಕೇಳಿ ಎಣಿಸಿಕೊಳ್ಳಿ.

ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಎಂದರೆ ಒಪ್ಪಬೇಕಿಲ್ಲ. ನಂಬರಿಗಾಗಿ ಗಿರಾಕಿಗಳನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಕೈಚೀಲದ ದುಡ್ಡೂ ಅಷ್ಟೆ: ಮೊದಲೇ ತಿಳಿಸದೆ ಕೌಂಟರಿನಲ್ಲಿ ವಸೂಲು ಮಾಡುವುದು ತಪ್ಪು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ತೀರ್ಪು ಕೊಟ್ಟಿದೆ. ಮನೆಯಿಂದ ಚೀಲ ತಂದರೆ ಈ ಮಾತೇ ಬರುವುದಿಲ್ಲ.

ಯು.ಪಿ.ಐ.ಯಲ್ಲಿ ದುಡ್ಡು ಕಡಿತವಾಗಿ, ಕೌಂಟರಿಗೆ ಬಂದಿಲ್ಲ ಎಂದರೆ ಗಾಬರಿಯಲ್ಲಿ ಮತ್ತೆ ಕಳಿಸಬೇಡಿ. ಎರಡು ನಿಮಿಷ ಕಾಯಿರಿ. ಆಗಲೂ ಬಾರದಿದ್ದರೆ ನಗದು ಕೊಟ್ಟು, ಫೋನಿನಲ್ಲಿರುವ 12 ಅಂಕಿಯ ಯು.ಟಿ.ಆರ್. (ಆ ವಹಿವಾಟಿನ ಗುರುತು) ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಅಂಗಡಿಗೆ ಖಾತ್ರಿಯಾಗದ ಹಣ ವಹಿವಾಟಿನ ಮಾರನೆಯ ದಿನದಿಂದ ಐದು ದಿನಗಳೊಳಗೆ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಇದನ್ನು ಕೇಳಬೇಕಾದ್ದು ಬ್ಯಾಂಕನ್ನು, ಅಂಗಡಿಯನ್ನಲ್ಲ.

ಮನೆಗೆ ಹೋದ ಮೇಲೆ

ಬಿಲ್ಲಿನ ಕಾಗದ ಬಿಸಿಗೆ ಅಚ್ಚಾಗುವಂಥದ್ದು, ಬೇಗ ಮಾಸುತ್ತದೆ. ಅಡುಗೆಮನೆಯಲ್ಲಿ ಒಲೆ ಪಕ್ಕ ಸಿಕ್ಕಿಸಿದರೆ ಅಕ್ಷರವೇ ಕಾಣುವುದಿಲ್ಲ. ಅಂದೇ ಫೋಟೊ ತೆಗೆದಿಡಿ.

ರವೆ, ಕಡಲೆಹಿಟ್ಟು, ಗೋಧಿಹಿಟ್ಟು ತಂದವರು ಮಾಡುವ ಒಂದು ತಪ್ಪಿದೆ: ತಂದ ಕೂಡಲೇ ಡಬ್ಬಕ್ಕೆ ಸುರಿದು ಕವರ್ ಎಸೆಯುವುದು. ನಾಲ್ಕು ದಿನಕ್ಕೆ ಹುಳ ಕಂಡರೆ ಅದು ಅಂಗಡಿಯಿಂದ ಬಂದ ಹುಳವೋ ಡಬ್ಬದಲ್ಲಿದ್ದ ಹುಳವೋ ಹೇಳುವವರಾರು? ಸಕಲೇಶಪುರದ ಕಡೆ ಮಳೆಗಾಲದ ತೇವಕ್ಕೆ ಹುಳ ಬೇಗ ಹಿಡಿಯುತ್ತದೆ ಎಂಬುದು ಅಂಗಡಿಯವರಿಗೂ ಗೊತ್ತು, ಅದನ್ನೇ ಮುಂದಿಡುತ್ತಾರೆ. ಬ್ಯಾಚ್ ನಂಬರ್, ದಿನಾಂಕ ಇರುವ ಜಾಗ ಬಿಟ್ಟು ಇನ್ನೊಂದು ಮೂಲೆ ಕತ್ತರಿಸಿ. ತಟ್ಟೆಗೆ ಒಂದು ಹಿಡಿ ಸುರಿದು ಬೆರಳಲ್ಲಿ ಹರಡಿ ನೋಡಿ. ನೂಲಿನಂತೆ ಅಂಟಿಕೊಂಡ ಗಂಟು ಕಂಡರೆ ಒಳಗೆ ಹುಳ ಬಲೆ ಕಟ್ಟಿದೆ. ಪೊಟ್ಟಣವನ್ನು ಹಾಗೇ ಮಡಚಿ ರಬ್ಬರ್‌ಬ್ಯಾಂಡ್ ಹಾಕಿ, ಫೋಟೊ ಸಮೇತ ಕಸ್ಟಮರ್ ಸರ್ವಿಸ್ ಡೆಸ್ಕಿಗೆ ಒಯ್ಯಿರಿ.

ಅಲ್ಲಿ ‘ಮಾರಿದ ಸಾಮಾನು ವಾಪಸ್ ಇಲ್ಲ’ ಎಂಬ ಬೋರ್ಡ್ ತೋರಿಸಬಹುದು. ಬಣ್ಣ ಹಿಡಿಸಲಿಲ್ಲ, ಸೈಜು ಸರಿಯಾಗಲಿಲ್ಲ ಎನ್ನುವವರಿಗೆ ಆ ಬೋರ್ಡ್ ಅನ್ವಯ. ಅದು ಅಂಗಡಿಯವರ ಮರ್ಜಿ. ಕೆಟ್ಟ ಸಾಮಾನಿನ ಮಾತೇ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ. ಕ್ರೆಡಿಟ್ ನೋಟ್ ಕೊಟ್ಟರೆ ಅದು ಎಂದಿನವರೆಗೆ ನಡೆಯುತ್ತದೆ ಎಂಬುದನ್ನು ಓದಿಯೇ ಹೊರಡಿ.

ಮ್ಯಾನೇಜರ್ ಕೈಚೆಲ್ಲಿದರೆ ಪೊಟ್ಟಣದ ಮೇಲಿನ ಕಂಪನಿಯ ಗ್ರಾಹಕ ವಿಭಾಗಕ್ಕೂ ಅಂಗಡಿಯ ಮುಖ್ಯ ಕಚೇರಿಗೂ ಇ-ಮೇಲ್ ಹಾಕಿ. ಬಿಲ್ ನಂಬರ್, ದಿನಾಂಕ, ಬ್ಯಾಚ್ ನಂಬರ್, ನಿಮಗೆ ಬೇಕಾದ್ದೇನು, ಇಷ್ಟು ಐದಾರು ಸಾಲಿನಲ್ಲಿ ಇರಲಿ. ಅದಕ್ಕೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. ಅದು ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುವ ವ್ಯವಸ್ಥೆ. ಅಲ್ಲಿ ಕೊಡುವ ಡಾಕೆಟ್ (ದೂರಿನ) ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊನೆಯ ಮೆಟ್ಟಿಲು ಹಾಸನದ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಬೆಂಗಳೂರಿನಲ್ಲಿ ಕೊಂಡ ಸಾಮಾನಾದರೂ ನೀವು ವಾಸವಿರುವುದು ಈ ಜಿಲ್ಲೆಯಲ್ಲಾದರೆ ದೂರು ಇಲ್ಲೇ ಕೊಡಬಹುದು. ದೂರಿನ ಜೊತೆಗೆ ಬಿಲ್ಲಿನ ನಕಲು, ಪೊಟ್ಟಣದ ಫೋಟೊ, ಇ-ಮೇಲ್ ಪ್ರತಿ ಲಗತ್ತಿಸಿ. ಅಸಲು ಬಿಲ್ಲನ್ನು ಮಾತ್ರ ಕೈಬಿಡಬೇಡಿ, ವಿಚಾರಣೆಯ ದಿನ ತೋರಿಸಿ ಎಂದು ಕೇಳಬಹುದು.