ಬ್ಯಾಂಕಾಕ್‌ನಲ್ಲಿ ಕುಳಿತು ಬೆಂಗಳೂರಿನ ಕೆಲಸ: ಖರ್ಚಿನ ಲೆಕ್ಕ ಹೀಗೆ ಹಾಕಿ

ಬ್ಯಾಂಕಾಕ್‌ಗೆ ಒಂದು ವಾರ ಹೋಗಿ ಬಂದವರೆಲ್ಲ ‘ಅಲ್ಲಿ ಎಲ್ಲವೂ ಅಗ್ಗ’ ಎನ್ನುತ್ತಾರೆ. ಲ್ಯಾಪ್‌ಟಾಪ್ ಹೊತ್ತು ಆರು ತಿಂಗಳಿಗೆ ಹೊರಡುವವರು ಈ ಮಾತು ನಂಬಿ ಬಜೆಟ್ ಮಾಡಬಾರದು. ಪ್ರವಾಸಿಗರು ಹಗಲೆಲ್ಲ ಹೊರಗಿರುತ್ತಾರೆ. ಮನೆಯಿಂದ ಕೆಲಸ ಮಾಡುವವರು ಹಗಲೆಲ್ಲ ಒಳಗಿರುತ್ತಾರೆ, ಅದೂ ಎ.ಸಿ. ಹಾಕಿಕೊಂಡು. ಹಣ ಸೋರುವ ಜಾಗಗಳೇ ಬೇರೆ.

ಹಂತ 1: ವೀಸಾ ಮೊದಲು, ಟಿಕೆಟ್ ಆಮೇಲೆ

ಪ್ರವಾಸಿಯಾಗಿ ಹೋಗಿ ಸದ್ದಿಲ್ಲದೆ ಕೆಲಸ ಮಾಡಿಕೊಂಡಿರುವ ಯೋಚನೆ ಬಿಡಿ. ಹೊರದೇಶದ ಕಂಪನಿಗಳಿಗೆ ದೂರದಿಂದ ದುಡಿಯುವವರಿಗಾಗಿ ಥಾಯ್ಲೆಂಡ್ 2024ರ ಜುಲೈಯಲ್ಲಿ ‘ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ’ ತಂದಿತು. ಚುಟುಕಾಗಿ ಡಿಟಿವಿ. ಇದರ ಅವಧಿ ಐದು ವರ್ಷ. ಒಮ್ಮೆ ಒಳಬಂದರೆ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾತ್‌ಗೆ (ಬಾತ್ ಎಂದರೆ ಥಾಯ್ಲೆಂಡಿನ ನಾಣ್ಯ) ಸಮನಾದ ಹಣ ತೋರಿಸಬೇಕು. ಅದು ತೋರಿಸುವ ಹಣ, ಖರ್ಚಿನ ಹಣವಲ್ಲ, ಬಜೆಟ್‌ಗೆ ಸೇರಿಸಿಕೊಳ್ಳಬೇಡಿ. ಕಂಪನಿಯ ಒಪ್ಪಿಗೆ ಬರಹದಲ್ಲಿರಲಿ. ಮ್ಯಾನೇಜರ್ ಫೋನಿನಲ್ಲಿ ‘ಹೂಂ’ ಎಂದದ್ದು ದಾಖಲೆಯಾಗುವುದಿಲ್ಲ.

ಹಂತ 2: ಹೊರಡುವ ತಿಂಗಳು ಆರಿಸಿ

ಬಹುತೇಕರು ಯೋಚಿಸದೆ ಬಿಡುವ ಹಂತ ಇದು, ಹೆಚ್ಚು ಹಣ ಉಳಿಸುವುದೂ ಇದೇ. ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಥವಾ ಅದಕ್ಕಿಂತ ಹೆಚ್ಚು ಉಳಿದವರು ಥಾಯ್ಲೆಂಡಿನಲ್ಲಿ ತೆರಿಗೆ ನಿವಾಸಿಗಳಾಗುತ್ತಾರೆ. ಅಂಥವರು ಹೊರಗೆ ಗಳಿಸಿ ಒಳಗೆ ತಂದ ಹಣದ ಮೇಲೂ 2024ರ ಜನವರಿ 1ರಿಂದ ತೆರಿಗೆಯ ಕಣ್ಣು ಬಿದ್ದಿದೆ.

ಅಕ್ಟೋಬರ್ 1ಕ್ಕೆ ಹೋಗಿ ಮಾರ್ಚ್ 29ಕ್ಕೆ ಹೊರಟರೆ ಒಟ್ಟು 180 ದಿನ. ಆದರೆ ಅದು ಎರಡು ಕ್ಯಾಲೆಂಡರ್ ವರ್ಷಗಳಲ್ಲಿ 92 ಮತ್ತು 88 ಎಂದು ಹಂಚಿಹೋಗುತ್ತದೆ, ಯಾವ ವರ್ಷವೂ 180 ಮುಟ್ಟುವುದಿಲ್ಲ. ನಮ್ಮ ಏಪ್ರಿಲ್-ಮಾರ್ಚ್ ಆರ್ಥಿಕ ವರ್ಷದಲ್ಲಿ ಉಳಿದ ದಿನಗಳನ್ನು ಭಾರತದಲ್ಲೇ ಕಳೆದಿದ್ದರೆ ಇಲ್ಲಿನ ತೆರಿಗೆ ನಿವಾಸಿ ಎನಿಸುವ 182 ದಿನಗಳ ಗೆರೆ ದಾಟಿರುತ್ತೀರಿ. ಇಲ್ಲಿ ಎಂದಿನಂತೆ ನಿವಾಸಿಯೇ, ಎಂದಿನಂತೆ ತೆರಿಗೆ. ಅಲ್ಲಿ ಕುಳಿತು ಮಾಡಿದ ಕೆಲಸದ ಸಂಬಳಕ್ಕೆ ಬೇರೆ ನಿಯಮವಿದೆ. ಎರಡೂ ದೇಶಗಳ ನಡುವೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದವೂ ಇದೆ. ಅದು ನಿಮಗೆ ಹೇಗೆ ಅನ್ವಯಿಸುತ್ತದೆಂದು ಲೆಕ್ಕಪರಿಶೋಧಕರನ್ನು ಕೇಳಿ, ಅವರ ಶುಲ್ಕವನ್ನು ಬಜೆಟ್‌ನಲ್ಲಿ ಬರೆದುಕೊಳ್ಳಿ.

ಈ ಆರು ತಿಂಗಳಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಸೆಕೆಯೂ ಕಡಿಮೆ. ಏಪ್ರಿಲ್‌ನ ಸೊಂಗ್‌ಕ್ರಾನ್ ನೀರಾಟ ತಪ್ಪಿಹೋಗುತ್ತದೆ ನಿಜ, ಆದರೆ ಏಪ್ರಿಲ್‌ನ ಕರೆಂಟ್ ಬಿಲ್ಲೂ ತಪ್ಪುತ್ತದೆ. ಜನವರಿಯ ಹೊಗೆಮಂಜು ಮಾತ್ರ ಕಾಡುತ್ತದೆ.

ಹಂತ 3: ಬಾತ್‌ಗೆ ಮೂರು ರೂಪಾಯಿ ಎಂದೇ ಹಿಡಿಯಿರಿ

ವಿನಿಮಯ ದರ ಈಚಿನ ವರ್ಷಗಳಲ್ಲಿ ಎರಡೂವರೆ ರೂಪಾಯಿಯ ಆಸುಪಾಸಿನಿಂದ ಮೂರರ ಹತ್ತಿರದವರೆಗೆ ಏರಿಳಿದಿದೆ. ಮೂರು ಎಂದರೆ ಮನಸ್ಸಿನಲ್ಲೇ ಗುಣಿಸಬಹುದು, ದರ ಏರಿದರೂ ಲೆಕ್ಕ ಕೈಕೊಡುವುದಿಲ್ಲ.

ಹಂತ 4: ಬಾಡಿಗೆಗಿಂತ ಮೊದಲು ಕರೆಂಟಿನ ದರ ಕೇಳಿ

ನಗರದ ನಡುವಿನ ಅಸೋಕ್, ಫ್ರೋಮ್ ಫೋಂಗ್ ಸುತ್ತ ಒಂದು ಕೋಣೆಯ ಕಾಂಡೋಗೆ (ಫ್ಲ್ಯಾಟ್) ತಿಂಗಳಿಗೆ 20 ಸಾವಿರ ಬಾತ್ ಸಲೀಸಾಗಿ ಆಗುತ್ತದೆ. ಅದೇ ಬಿಟಿಎಸ್ ರೈಲು ಮಾರ್ಗದಲ್ಲಿ ಮುಂದೆ ಆನ್ ನುಟ್, ಉಡೋಂ ಸುಕ್‌ವರೆಗೆ ಹೋದರೆ 9ರಿಂದ 15 ಸಾವಿರಕ್ಕೆ ಸಿಗುತ್ತದೆ. ದಿನವೂ ಕಚೇರಿಗೆ ಹೋಗದವರಿಗೆ ನಗರದ ನಡುಮಧ್ಯ ಏಕೆ ಬೇಕು?

ಮುಂಗಡ ಸಾಮಾನ್ಯವಾಗಿ ಎರಡು ತಿಂಗಳ ಠೇವಣಿ, ಒಂದು ತಿಂಗಳ ಬಾಡಿಗೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಇದು ಪುಣ್ಯ ಎನಿಸೀತು. ಆದರೆ ಕರಾರು ಹೆಚ್ಚಾಗಿ ಒಂದು ವರ್ಷದ್ದು, ನಿಮ್ಮ ವಾಸ ಆರು ತಿಂಗಳದ್ದು. ನಡುವೆ ಬಿಟ್ಟರೆ ಠೇವಣಿ ಹೋಯಿತೆಂದೇ ತಿಳಿಯಿರಿ. ತಿಂಗಳಿಗೆ ಸಾವಿರ, ಎರಡು ಸಾವಿರ ಹೆಚ್ಚು ಕೊಟ್ಟಾದರೂ ಆರು ತಿಂಗಳ ಕರಾರನ್ನೇ ಕೇಳುವುದು ಲಾಭ.

ಇನ್ನು ಕರೆಂಟು. ವಿದ್ಯುತ್ ಸಂಸ್ಥೆಯ ಬಿಲ್ ನೇರವಾಗಿ ನಿಮಗೇ ಬಂದರೆ ಯೂನಿಟ್‌ಗೆ ನಾಲ್ಕು, ನಾಲ್ಕೂವರೆ ಬಾತ್. ಹಲವು ಅಪಾರ್ಟ್‌ಮೆಂಟ್‌ಗಳಲ್ಲಿ ಮಾಲೀಕರೇ ಏಳೋ ಎಂಟೋ ವಸೂಲು ಮಾಡುತ್ತಾರೆ. ಎ.ಸಿ. ಮತ್ತು ಲ್ಯಾಪ್‌ಟಾಪ್ ಸೇರಿ ದಿನಕ್ಕೆ ಎಂಟು ಯೂನಿಟ್ ಎಂದುಕೊಳ್ಳಿ. ತಿಂಗಳಿಗೆ 240 ಯೂನಿಟ್; ನಾಲ್ಕೂವರೆಯಂತೆ 1,080 ಬಾತ್, ಎಂಟರಂತೆ 1,920. ಕರಾರಿಗೆ ಸಹಿ ಹಾಕುವ ಮುನ್ನ ಮೀಟರಿನ ಅಂಕಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 5: ಅಡುಗೆಮನೆ ನೋಡಿ

ಜಾಹೀರಾತಿನಲ್ಲಿ ‘ಕಿಚನ್’ ಎಂದಿರುತ್ತದೆ. ಹೋಗಿ ನೋಡಿದರೆ ಒಂದು ಸಿಂಕು, ಚಿಕ್ಕ ಫ್ರಿಜ್ಜು, ಮೈಕ್ರೊವೇವ್, ಒಲೆಯೇ ಇಲ್ಲ! ಇಂಡಕ್ಷನ್ ಒಲೆ ಅಲ್ಲಿ ಕೊಳ್ಳಿ. ಅದರ ಮೇಲೆ ಕೂರುವ ಚಿಕ್ಕ ಕುಕ್ಕರ್, ಸಾರಿನ ಪುಡಿ ಊರಿನಿಂದಲೇ ಬರಲಿ. ಬೇಳೆ, ಹಿಂಗು ‘ಲಿಟಲ್ ಇಂಡಿಯಾ’ ಎನಿಸಿಕೊಂಡ ಫಾಹುರತ್‌ನಲ್ಲಿ ಸಿಗುತ್ತವೆ.

ಬೀದಿಬದಿಯಲ್ಲೋ ಮಾಲ್‌ಗಳ ಫುಡ್ ಕೋರ್ಟಿನಲ್ಲೋ ಒಂದು ತಟ್ಟೆ ಊಟ 50ರಿಂದ 80 ಬಾತ್. ಸಸ್ಯಾಹಾರಿಗಳಿಗೆ ಕಷ್ಟ, ಏಕೆಂದರೆ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಥಾಯ್ ಅಕ್ಷರದಲ್ಲಿ ‘ಜೇ’ (เจ, ಅಪ್ಪಟ ಸಸ್ಯಾಹಾರದ ಗುರುತು) ಎಂದು ಬರೆದ ಅಂಗಡಿ ಹುಡುಕಿ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಸುಖುಂವಿಟ್ ರಸ್ತೆಯ ಭಾರತೀಯ ಹೋಟೆಲುಗಳಿಗೆ ವಾರಕ್ಕೊಮ್ಮೆ ಸಾಕು. ದಿನವೂ ಹೋದರೆ ಊಟವೇ ಬಾಡಿಗೆಯನ್ನು ಮೀರಿಸುತ್ತದೆ.

ಹಂತ 6: ಹಣ ತೆಗೆಯುವ ಖರ್ಚು

ಡಿಟಿವಿ ಇದ್ದರೂ ಅಲ್ಲಿ ಬ್ಯಾಂಕ್ ಖಾತೆ ತೆರೆಯುವುದು ಸುಲಭವಲ್ಲ. ಹೊರದೇಶದ ಕಾರ್ಡಿಗೆ ಎಟಿಎಂ ಪ್ರತಿಸಲ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ ಹಿಡಿಯುತ್ತದೆ. ಆದ್ದರಿಂದ ಆಗಾಗ ಚಿಲ್ಲರೆ ತೆಗೆಯದೆ ಒಮ್ಮೆಗೇ ತೆಗೆಯಿರಿ. ‘ರೂಪಾಯಿಗೆ ಪರಿವರ್ತಿಸಲೇ?’ ಎಂದು ಯಂತ್ರ ಕೇಳಿದರೆ ಬೇಡವೆನ್ನಿ. ಆ ದರ ಯಾವಾಗಲೂ ದುಬಾರಿ.

ಹಂತ 7: ಒಟ್ಟು ಕೂಡಿಸಿ

ಒಬ್ಬರಿಗೆ ಒಂದು ತಿಂಗಳಿಗೆ ನಾನು ಹಾಕುವ ಅಂದಾಜು ಇದು: ಬಾಡಿಗೆ 12,000 ಬಾತ್, ಕರೆಂಟು-ನೀರು-ಇಂಟರ್ನೆಟ್ 2,800, ಊಟ 9,000, ಓಡಾಟ 2,000, ಆಗೊಮ್ಮೆ ಈಗೊಮ್ಮೆ ಕೋ-ವರ್ಕಿಂಗ್ 1,500, ಆರೋಗ್ಯ ವಿಮೆ 3,000, ಇತರೆ 4,000. ಒಟ್ಟು 34,300, ಸುಮಾರು 1.03 ಲಕ್ಷ ರೂಪಾಯಿ. ಮೊದಲ ತಿಂಗಳು ಠೇವಣಿ 24,000, ಪಾತ್ರೆ-ಹಾಸಿಗೆ 5,000 ಸೇರಿ 63,300 ಬಾತ್, ಅಂದರೆ 1.9 ಲಕ್ಷ ರೂಪಾಯಿ. ಬೆಂಗಳೂರಿನ ಮನೆ ಖಾಲಿ ಮಾಡದಿದ್ದರೆ ಆ ಬಾಡಿಗೆ ಇದರ ಮೇಲೆ. ವಿಮೆಯನ್ನು ಮಾತ್ರ ಕತ್ತರಿಸಬೇಡಿ. ನಮ್ಮಲ್ಲಿನ ಹೆಚ್ಚಿನ ಪಾಲಿಸಿಗಳು ಗಡಿಯಾಚೆ ನಡೆಯುವುದಿಲ್ಲ. ಸರಿಯಾದ ಪರವಾನಗಿಯಿಲ್ಲದೆ ಬಾಡಿಗೆ ಸ್ಕೂಟರ್ ಓಡಿಸಿ ಬಿದ್ದರೆ ಅಲ್ಲಿನ ಪಾಲಿಸಿಯೂ ಕೈಎತ್ತಬಹುದು.

ಹಂತ 8: ಬ್ಯಾಂಕಾಕ್ ಬಿಡುವ ತಿಂಗಳು

ಠೇವಣಿ ಬೀಗದ ಕೈ ಕೊಟ್ಟ ದಿನವೇ ಮರಳುವುದು ಅಪರೂಪ. ಕೊನೆಯ ಕರೆಂಟ್ ಬಿಲ್ ಬಂದ ಮೇಲೆ ಕಳೆದು ಕೊಡುತ್ತಾರೆ. ಅಷ್ಟರಲ್ಲಿ ನೀವು ಊರಿನಲ್ಲಿರುತ್ತೀರಿ. ಥಾಯ್ ಖಾತೆ ಇಲ್ಲದವರಿಗೆ ಹಣ ಯಾವ ದಾರಿಯಲ್ಲಿ, ಎಷ್ಟು ದಿನದೊಳಗೆ ಬರಬೇಕು ಎಂಬುದನ್ನು ಮೊದಲ ದಿನದ ಕರಾರಿನಲ್ಲೇ ಬರೆಸಿಕೊಳ್ಳಿ. ಅದು ಕೈಸೇರುವವರೆಗೆ ಆ 24,000 ಬಾತನ್ನು ಆದಾಯದ ಸಾಲಿಗೆ ಬರೆಯಬೇಡಿ.