ಹೆಣೆಯುವ ಮೊದಲು ಮರ ಬಡಿಯಬೇಕು

ಅಮೆರಿಕದ ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಎಂಬ ಮೂಲನಿವಾಸಿ ಜನರ ಬುಟ್ಟಿಗಳನ್ನು ನೋಡಿದವರೆಲ್ಲ ಹೆಣಿಗೆಯನ್ನೇ ಹೊಗಳುತ್ತಾರೆ. ಅಲ್ಲಿನ ಓಲ್ಡ್ ಟೌನ್ ಪಟ್ಟಣದ ಬಳಿ ನೆಲೆಸಿ, ಅವರ ನೆಲೆಯಾದ ಇಂಡಿಯನ್ ಐಲೆಂಡಿನ ಹಿರಿಯರೊಬ್ಬರಿಂದ ಈ ಕೆಲಸ ಕಲಿತ ನನಗೆ ಮರವೇ ದೊಡ್ಡದು. ಮರದ ಹದವಾದ ಪಟ್ಟಿ ಕೈಗೆ ಬಂದರೆ ಬುಟ್ಟಿ ಮುಕ್ಕಾಲು ಮುಗಿದಂತೆ.

ಜವುಗು ನೆಲದಲ್ಲಿ ಬೆಳೆಯುವ ಬ್ರೌನ್ ಆಶ್ ಮರವೇ ಆಗಬೇಕು. ಗಂಟಿಲ್ಲದ ನೆಟ್ಟನೆಯ ಕಾಂಡ ಆರಿಸಿ, ಹಸಿಯಿರುವಾಗಲೇ ತೊಗಟೆ ಸುಲಿದು, ಕೊಡಲಿಯ ಹಿಂಬದಿಯಿಂದ ಉದ್ದಕ್ಕೂ ಒಂದಿಂಚೂ ಬಿಡದೆ ಬಡಿಯುತ್ತೇವೆ. ಪ್ರತಿವರ್ಷ ಈ ಮರ ವಸಂತದಲ್ಲಿ ದೊಡ್ಡ ರಂಧ್ರಗಳ ಸಡಿಲ ಪದರವನ್ನೂ ಬೇಸಿಗೆಯಲ್ಲಿ ಗಟ್ಟಿ ಪದರವನ್ನೂ ಬೆಳೆಸುತ್ತದೆ. ಏಟಿಗೆ ಸಡಿಲ ಪದರ ಜಜ್ಜಿಹೋಗಿ ಗಟ್ಟಿಯದು ಪಟ್ಟಿಯಾಗಿ ಮೇಲೇಳುತ್ತದೆ. ಬಿದಿರನ್ನು ಕತ್ತಿಯಿಂದ ಸೀಳುವುದನ್ನು ಕಂಡು ಬೆಳೆದ ನನಗೆ, ಮರದ ಒಂದು ವರ್ಷದ ಬೆಳವಣಿಗೆ ಇಡಿಯಾಗಿ ಬಿಡಿಸಿಕೊಂಡು ಬರುವುದು ಇಂದಿಗೂ ಸೋಜಿಗ.

ನಾಜೂಕು ಬುಟ್ಟಿಗೆ ಆ ಪಟ್ಟಿಯೂ ದಪ್ಪವೇ. ತುದಿಯಲ್ಲಿ ಚಾಕುವಿನಿಂದ ಬಾಯಿ ಬಿಡಿಸಿ, ಮೊಣಕಾಲುಗಳ ನಡುವೆ ಹಿಡಿದ ಹಲಗೆಗಳ ಸಂದಿನಿಂದ ಎರಡು ಎಳೆಗಳಾಗಿ ಎಳೆಯಬೇಕು. ಸೀಳು ಒಂದು ಕಡೆಗೆ ವಾಲಿದರೆ, ದಪ್ಪಗಿರುವ ಎಳೆಯನ್ನು ಹೆಚ್ಚು ಬಾಗಿಸಿ ಎಳೆಯುತ್ತೇನೆ. ಸೀಳು ಮತ್ತೆ ನಡುವಿಗೆ ಬರುತ್ತದೆ. ವಾಲುತ್ತಿರುವುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಹಾಗೆ ಬಿಚ್ಚಿದ ಒಳಮೈಯನ್ನು ಉಜ್ಜುವ ಅಗತ್ಯವೇ ಇಲ್ಲ, ಅಷ್ಟು ನುಣುಪು.

ಮರದ ಪಟ್ಟಿಯ ಜೊತೆ ಬಳಸುವ ಇನ್ನೊಂದು ವಸ್ತು ಸ್ವೀಟ್‌ಗ್ರಾಸ್, ಕಡಲಂಚಿನ ಉಪ್ಪುಜವುಗಿನ ಹುಲ್ಲು. ಬೇಸಿಗೆಯಲ್ಲಿ ಕಿತ್ತು, ಒಣಗಿಸಿ, ಜಡೆ ಹೆಣೆದು ಪಟ್ಟಿಗಳ ನಡುವೆ ಸೇರಿಸುತ್ತೇವೆ. ಅದರಲ್ಲಿರುವ ಕೌಮರಿನ್ ಎಂಬ ಸುವಾಸನೆಯ ವಸ್ತುವಿನಿಂದ ವೆನಿಲಾದಂಥ ಪರಿಮಳ ವರ್ಷಗಟ್ಟಲೆ ಉಳಿಯುತ್ತದೆ.

ನಾನು ಹೆಣೆದದ್ದನ್ನು ಮಾರುವುದಿಲ್ಲ. ಇದು ಪೆನಾಬ್‌ಸ್ಕಾಟರೂ ಸೇರಿದ ವಬನಾಕಿ ಜನರ ಕಸುಬು. 19ನೇ ಶತಮಾನದಲ್ಲಿ ಮೇನ್ ಕರಾವಳಿಯ ಬಾರ್ ಹಾರ್ಬರ್ ಪಟ್ಟಣಕ್ಕೆ ಬರುತ್ತಿದ್ದ ಪ್ರವಾಸಿಗರಿಗೆ ಬುಟ್ಟಿ ಮಾರಿ ಸಂಸಾರ ತೂಗಿಸಿದವರು ಅವರು. ಇತರರು ತಮ್ಮ ಕೆಲಸವನ್ನು ಮೂಲನಿವಾಸಿಗಳದ್ದೆಂದು ಮಾರುವುದನ್ನು 1990ರ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಅದು ಕಳ್ಳತನವೇ.

ನನ್ನನ್ನು ಕಾಡುವ ಚಿಂತೆ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆಯದು. ಏಷ್ಯಾ ಮೂಲದ ಈ ಕೀಟ 2002ರಲ್ಲಿ ಮಿಷಿಗನ್‌ನಲ್ಲಿ, 2018ರಲ್ಲಿ ಮೇನ್‌ನಲ್ಲಿ ಪತ್ತೆಯಾಯಿತು. ಮರಿಹುಳುಗಳು ತೊಗಟೆಯ ಕೆಳಗೆ ಸುರಂಗ ಕೊರೆದು ಆಶ್ ಮರವನ್ನು ಒಣಗಿಸಿಬಿಡುತ್ತವೆ. ಅದಕ್ಕೇ ಬಡಿದು ತೆಗೆದ ಪಟ್ಟಿಗಳನ್ನು ಸುರುಳಿ ಸುತ್ತಿ, ಒಣಗಿಸಿ ಕೂಡಿಡುತ್ತಿದ್ದೇವೆ. ವರ್ಷಗಳ ಬಳಿಕ ನೀರಿನಲ್ಲಿ ನೆನೆಸಿದರೂ ಅವು ಬಾಗುತ್ತವೆ. ಬೀಜ ಕಟ್ಟಿದ ಮರ ಎಷ್ಟೇ ನೆಟ್ಟಗಿದ್ದರೂ ಅದಕ್ಕೆ ಕೊಡಲಿ ಹಾಕುವುದಿಲ್ಲ; ಶರತ್ಕಾಲದಲ್ಲಿ ಅದರ ಬೀಜ ಸಂಗ್ರಹಿಸುತ್ತೇವೆ.