ಕ್ಯಾನ್ಸರ್ ಚಿಕಿತ್ಸೆಯ ನಂತರ ಗರ್ಭ ಧರಿಸಿದಾಗ: ಭ್ರೂಣದ ತಪಾಸಣೆ ಹೇಗೆ, ಯಾವಾಗ?

ಕ್ಯಾನ್ಸರ್‌ನಿಂದ ಗುಣಮುಖರಾದವರು ಗರ್ಭಿಣಿಯಾದಾಗ, ಅಂದು ಪಡೆದ ಕೀಮೋಥೆರಪಿಯ ವಿಷ ಮಗುವಿಗೂ ತಟ್ಟೀತೇ ಎಂಬ ಅಳುಕು ಮೊದಲ ದಿನದಿಂದಲೇ ಕಾಡುತ್ತದೆ. ಇದಕ್ಕೆ ಸಿಗುವ ಉತ್ತರ ಬಹುಮಟ್ಟಿಗೆ ಧೈರ್ಯ ತುಂಬುವಂಥದ್ದು. ಯಾವ ಕಾಯಿಲೆಯೂ ಇಲ್ಲದ ತಾಯಂದಿರಿಗೆ ಹುಟ್ಟುವ ನೂರು ಮಕ್ಕಳಲ್ಲಿಯೂ ಎರಡು ಮೂರು ಮಕ್ಕಳಿಗೆ ಗಮನಾರ್ಹವಾದ ಜನ್ಮಜಾತ ದೋಷವಿರುತ್ತದೆ. ಬಾಲ್ಯದಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದವರ ಮಕ್ಕಳನ್ನು ಪರಿಶೀಲಿಸಿದ ದೊಡ್ಡ ಅಧ್ಯಯನಗಳಲ್ಲಿ, ಹಿಂದಿನ ಕೀಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆಯಿಂದ ಈ ಪ್ರಮಾಣ ಎದ್ದು ಕಾಣುವಂತೆ ಹೆಚ್ಚಿದ್ದು ಕಂಡುಬಂದಿಲ್ಲ. ಆದ್ದರಿಂದ ಇಲ್ಲಿ ಬೇಕಾದ ತಪಾಸಣೆಗಳು ಬಹುತೇಕ ಎಲ್ಲ ಗರ್ಭಿಣಿಯರಿಗೂ ಮಾಡುವಂಥವೇ. ಆದರೆ ಆ ವರದಿಗಳನ್ನು ಓದುವ ರೀತಿ ಮಾತ್ರ ಬೇರೆ, ಏಕೆಂದರೆ ಹಳೆಯ ಕಾಯಿಲೆಯೂ ಅದರ ಚಿಕಿತ್ಸೆಯೂ ಕೆಲವು ಫಲಿತಾಂಶಗಳನ್ನು ದಾರಿತಪ್ಪಿಸಬಲ್ಲವು.

ಮೊದಲ ಹೆಜ್ಜೆಯನ್ನು ಗರ್ಭ ಧರಿಸುವ ಮುನ್ನವೇ ಇಡಬೇಕು. ಯಾವ ಔಷಧ, ಎಷ್ಟು ಪ್ರಮಾಣ, ದೇಹದ ಯಾವ ಭಾಗಕ್ಕೆ ವಿಕಿರಣ, ಕೊನೆಯ ಡೋಸ್ ಯಾವ ದಿನಾಂಕದಂದು ಎಂಬುದನ್ನೆಲ್ಲ ಬರೆದ ಚಿಕಿತ್ಸಾ ಸಾರಾಂಶವನ್ನು ಕ್ಯಾನ್ಸರ್ ತಜ್ಞರಿಂದ ಪಡೆದುಕೊಳ್ಳಿ. ಕೊನೆಯ ಡೋಸ್‌ನ ದಿನಾಂಕಕ್ಕೆ ವಿಶೇಷ ಮಹತ್ವವಿದೆ. ವರ್ಷಗಳ ಹಿಂದೆ ಮುಗಿದ ಚಿಕಿತ್ಸೆಯ ಮಾತು ಬೇರೆ, ದೇಹದಲ್ಲಿ ಇನ್ನೂ ಉಳಿದಿರುವ ಔಷಧದ ಮಾತು ಬೇರೆ. ಕೀಮೋಥೆರಪಿಯ ಔಷಧವಾದ ಮೆಥೊಟ್ರೆಕ್ಸೇಟ್, ಭ್ರೂಣದ ಬೆಳವಣಿಗೆಗೆ ಬೇಕಾದ ಫೋಲಿಕ್ ಆಮ್ಲದ ಕೆಲಸವನ್ನೇ ತಡೆಯುತ್ತದೆ. ಕೆಲವು ಸ್ತನ ಕ್ಯಾನ್ಸರ್‌ಗಳಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಗರ್ಭದ ನೀರನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಅದನ್ನು ನಿಲ್ಲಿಸಿದ ಮೇಲೆ ಏಳು ತಿಂಗಳು ಕಾಯಲು ಹೇಳುತ್ತಾರೆ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮೊಕ್ಸಿಫೆನ್ ಮಾತ್ರೆಯನ್ನೂ ಮೊದಲೇ ನಿಲ್ಲಿಸಿರಬೇಕು. ಇವುಗಳನ್ನು ಸೇವಿಸುತ್ತಿರುವಾಗಲೇ ಗರ್ಭ ನಿಂತಿದ್ದರೆ ಸ್ಕ್ಯಾನ್‌ಗೆಂದು ಕಾಯದೆ ತಕ್ಷಣ ವೈದ್ಯರಿಗೆ ತಿಳಿಸಿ.

ಮುಂದಿನದು ಆನುವಂಶಿಕ ಸಮಾಲೋಚನೆ. ಚಿಕಿತ್ಸೆ ಮಗುವಿಗೆ ದಾಟದಿದ್ದರೂ ಕ್ಯಾನ್ಸರ್‌ಗೆ ಕಾರಣವಾದ ವಂಶವಾಹಿ ದಾಟಬಹುದು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ದಾರಿಮಾಡುವ ಬಿಆರ್‌ಸಿಎ ವಂಶವಾಹಿಗಳಲ್ಲಾಗಲಿ, ಕಣ್ಣಿನ ಕ್ಯಾನ್ಸರ್ ಆದ ರೆಟಿನೊಬ್ಲಾಸ್ಟೋಮಾಕ್ಕೆ ಕಾರಣವಾಗುವ ಆರ್‌ಬಿ1 ವಂಶವಾಹಿಯಲ್ಲಾಗಲಿ ಹುಟ್ಟಿನಿಂದಲೇ ಬಂದ ದೋಷವಿದ್ದರೆ, ಪ್ರತಿ ಮಗುವಿಗೂ ಅದು ಹೋಗುವ ಸಾಧ್ಯತೆ ಶೇ 50. ಇದು ಸಾಮಾನ್ಯ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಪ್ರತ್ಯೇಕ ಪರೀಕ್ಷೆಯೇ ಬೇಕು.

ಗರ್ಭ ನಿಂತ ಮೇಲೆ ಹನ್ನೊಂದರಿಂದ ಹದಿಮೂರನೆಯ ವಾರದೊಳಗೆ ಭ್ರೂಣದ ಕತ್ತಿನ ಹಿಂಭಾಗದ ದ್ರವವನ್ನು ಅಳೆಯುವ ಎನ್‌ಟಿ ಸ್ಕ್ಯಾನ್ ಮತ್ತು ವರ್ಣತಂತು ದೋಷದ ಸಾಧ್ಯತೆಯನ್ನು ಅಂದಾಜಿಸುವ ಡಬಲ್ ಮಾರ್ಕರ್ ರಕ್ತಪರೀಕ್ಷೆ ನಡೆಯುತ್ತವೆ. ಚಿಕಿತ್ಸೆಗೆ ಮುನ್ನ ಶೇಖರಿಸಿಟ್ಟ ಅಂಡಾಣುವಿನಿಂದಲೋ ಭ್ರೂಣದಿಂದಲೋ ಗರ್ಭ ಧರಿಸಿದ್ದರೆ ಪ್ರಯೋಗಾಲಯದ ಅರ್ಜಿಯಲ್ಲಿ ಅದನ್ನು ತಪ್ಪದೆ ನಮೂದಿಸಬೇಕು. ವರ್ಣತಂತು ದೋಷಗಳಲ್ಲಿ ಒಂದಾದ ಡೌನ್ ಸಿಂಡ್ರೋಮ್‌ನ ಲೆಕ್ಕಕ್ಕೆ ಬರುವುದು ತಾಯಿಯ ಇಂದಿನ ವಯಸ್ಸಲ್ಲ, ಅಂಡಾಣು ತೆಗೆದ ದಿನದ ವಯಸ್ಸು. ಮೂವತ್ತರಲ್ಲಿ ತೆಗೆದ ಅಂಡಾಣುವಿಗೆ ನಲವತ್ತರ ವಯಸ್ಸು ಬರೆದರೆ, ಇಲ್ಲದ ಅಪಾಯವನ್ನು ವರದಿ ತೋರಿಸುತ್ತದೆ.

ಹತ್ತನೆಯ ವಾರದಿಂದ ಮಾಡಬಹುದಾದ ಎನ್‌ಐಪಿಟಿ ಎಂಬ ರಕ್ತಪರೀಕ್ಷೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಈ ಪರೀಕ್ಷೆ ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ಓದುತ್ತದೆ. ಅವುಗಳಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಮಾಸಿನಿಂದ ಬಂದಿದ್ದು, ಉಳಿದದ್ದು ತಾಯಿಯದು. ಬೇರೊಬ್ಬರ ಅಸ್ಥಿಮಜ್ಜೆಯ ಕಸಿ ಆಗಿದ್ದರೆ ದಾನಿಯ ಡಿಎನ್‌ಎ ಕೂಡ ಅದರಲ್ಲಿ ಬೆರೆತು ಫಲಿತಾಂಶವನ್ನು ನಂಬಲಾಗದಂತೆ ಮಾಡುತ್ತದೆ. ತಾಯಿಯ ದೇಹದಲ್ಲಿ ಗಡ್ಡೆ ಇದ್ದರೆ ಅದರ ತುಣುಕುಗಳೂ ಸೇರುತ್ತವೆ. ಆದ್ದರಿಂದ ಒಂದೇ ವರದಿಯಲ್ಲಿ ಹಲವು ವರ್ಣತಂತುಗಳ ಏರುಪೇರು ಕಂಡರೆ ಮಗುವಿನ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ತಾಯಿಯನ್ನೇ ಮತ್ತೊಮ್ಮೆ ಪರೀಕ್ಷಿಸಬೇಕು. ರಕ್ತದಲ್ಲಿ ಅಳೆಯುವ ಎಎಫ್‌ಪಿ ಮತ್ತು ಎಚ್‌ಸಿಜಿ ಎಂಬ ವಸ್ತುಗಳ ವಿಷಯದಲ್ಲಿಯೂ ಹೀಗೆಯೇ: ಇವು ಗರ್ಭಿಣಿಯರ ತಪಾಸಣೆಯ ಮಾರ್ಕರ್‌ಗಳು (ಸೂಚಕಗಳು) ಹೌದು, ಕೆಲವು ಅಂಡಾಶಯದ ಗಡ್ಡೆಗಳ ಮಾರ್ಕರ್‌ಗಳೂ ಹೌದು.

ಇವೆಲ್ಲ ಸಾಧ್ಯತೆಯನ್ನಷ್ಟೇ ಹೇಳುವ ಪರೀಕ್ಷೆಗಳು. ಅಪಾಯ ಹೆಚ್ಚೆಂದು ಬಂದರೆ ಮಾಸಿನ ತುಣುಕಿನ ಪರೀಕ್ಷೆಯಿಂದ ಅಥವಾ ಹದಿನೈದನೆಯ ವಾರದ ನಂತರ ಮಾಡುವ ಗರ್ಭಜಲ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳದೆ ಯಾವ ನಿರ್ಧಾರವನ್ನೂ ಕೈಗೊಳ್ಳಬಾರದು.

ಹದಿನೆಂಟರಿಂದ ಇಪ್ಪತ್ತೆರಡನೆಯ ವಾರದ ನಡುವೆ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ಇರುತ್ತದೆ. ಹೊಟ್ಟೆಯ ಕೆಳಭಾಗಕ್ಕೆ ವಿಕಿರಣ ಪಡೆದವರಲ್ಲಿ ಗರ್ಭಕೋಶ ಸರಿಯಾಗಿ ಹಿಗ್ಗದೆ, ಅವಧಿಗೆ ಮುನ್ನ ಹೆರಿಗೆಯಾಗುವ ಇಲ್ಲವೇ ಮಗು ಕಡಿಮೆ ತೂಕದ್ದಾಗುವ ಸಂಭವ ಹೆಚ್ಚು. ಗರ್ಭಕಂಠದ ಶಸ್ತ್ರಚಿಕಿತ್ಸೆ ಆದವರಲ್ಲಿಯೂ ಅವಧಿಪೂರ್ವ ಹೆರಿಗೆಯ ಭಯವಿರುತ್ತದೆ. ಇಂಥವರಿಗೆ ಗರ್ಭಕಂಠದ ಉದ್ದವನ್ನು ಅಳೆಯುವುದು, ಮಗುವಿನ ಬೆಳವಣಿಗೆಯನ್ನು ಮತ್ತೆ ಮತ್ತೆ ನೋಡುವುದು ಅಗತ್ಯ. ಹೃದಯಕ್ಕೆ ಹಾನಿ ಮಾಡಬಲ್ಲ ಕೀಮೋಥೆರಪಿ ಔಷಧ ಡಾಕ್ಸೊರುಬಿಸಿನ್ ಅಥವಾ ಎದೆಯ ಭಾಗಕ್ಕೆ ವಿಕಿರಣ ಪಡೆದ ತಾಯಿಗೆ ತನ್ನದೇ ಹೃದಯದ ಎಕೋ ಪರೀಕ್ಷೆಯಾಗಬೇಕು. ಮಗುವಿನ ಚಿಂತೆಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಇದೇ.

ಹೆತ್ತವರಲ್ಲಿ ಒಬ್ಬರಿಗೆ ರೆಟಿನೊಬ್ಲಾಸ್ಟೋಮಾ ಆಗಿದ್ದರೆ, ಮಗು ಹುಟ್ಟಿದ ಮೊದಲ ದಿನಗಳಲ್ಲೇ ನೇತ್ರತಜ್ಞರು ಕಣ್ಣಿನ ಪಾಪೆಯನ್ನು ಹಿಗ್ಗಿಸಿ ನೋಡುವಂತೆ, ಹೆರಿಗೆಗೆ ಮುನ್ನವೇ ಸಮಯ ಗೊತ್ತುಮಾಡಿಕೊಳ್ಳಿ.